ಟಾರ್ಚ್ ಹಿಡಿದವಳು

ಹತ್ತು ಚಳಿಗಾಲ ನಾನು ಹಿಡಿದದ್ದು ಟಾರ್ಚ್.
"ಎಡಕ್ಕೆ. ಅಲ್ಲ, ನನ್ನ ಎಡಕ್ಕೆ" ಎನ್ನುತ್ತಿದ್ದ ಫರ್ಗಸ್
ಮಾರಿಸ್ ಮೈನರಿನ ಹೊಟ್ಟೆಯಡಿ ಮಲಗಿ.
ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು.
ನಾನು ಮದುವೆಯಾದದ್ದು ಈ ಬೂಟುಗಳನ್ನೇ ಇರಬೇಕು
ಅಂದುಕೊಂಡದ್ದುಂಟು ಕೆಲವು ರಾತ್ರಿ.

ನಮ್ಮದು ರಿವರ್ಟನ್. ದಕ್ಷಿಣಕ್ಕೆ ಕಡಲು,
ಒಂದು ದ್ವೀಪ, ಆಮೇಲೆ ಮಂಜುಗಡ್ಡೆ.
ಇಲ್ಲಿ ಮರಗಳೂ ಗಾಳಿಗೆ ಬೆನ್ನು ಕೊಟ್ಟು
ಬಾಚಿದ ಕೂದಲಿನಂತೆ ಒಂದೇ ಕಡೆಗೆ ಬೆಳೆಯುತ್ತವೆ.
ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ:
ಮೊದಲು ಬಾಗಿಲ ಅಂಚು, ಆಮೇಲೆ ನೆಲ,
ಕಾಲಿಟ್ಟಲ್ಲಿ ರಸ್ತೆ ಕಾಣುವಷ್ಟು.
ಕಾರು ಸಿಕ್ಕಿದ್ದು ಟುವಾಟಪೆರೆಯ ಕುರಿ ಕೊಟ್ಟಿಗೆಯಲ್ಲಿ.
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಮೂರು ವಾರ ಕಾದು, ಮರಿಗಳಾದ ಮೇಲೆ
ಎಳೆದು ತಂದೆವು.

ಐವತ್ತೇಳರ ಮೈ. ಎಂಜಿನ್ ಜಪಾನಿನದು,
ಯಾವುದೋ ದಾಟ್ಸನ್ ಹಳ್ಳಕ್ಕೆ ಬಿದ್ದು ಸತ್ತಾಗ ಉಳಿದದ್ದು.
ಮುಂದೆ ಡಿಸ್ಕ್ ಬ್ರೇಕು, ಐದು ಗೇರು,
ವೈಪರಿನ ಮೋಟಾರು ಯಾವುದರದ್ದೋ, ಅವನಿಗೂ ಮರೆತಿದೆ.
ಕ್ಲಬ್ಬಿನ ಮಡಿವಂತರು ಬಂದರು,
ಬಾನೆಟ್ ಎತ್ತಿ, ಮುಖ ಸಿಂಡರಿಸಿ,
"ಇದು ಮಾರಿಸ್ ಅಲ್ಲ" ಎಂದು ಚಹಾ ಕುಡಿದರು.
ನನ್ನ ಬಲ ಮಂಡಿಯೊಳಗೆ ಟೈಟೇನಿಯಂ ಇದೆ,
ಹಾಗಾದರೆ ನಾನು ಏಲ್ಸ್‌ಪೆತ್ ಅಲ್ಲವೇ?
ಕೇಳಲಿಲ್ಲ. ಇನ್ನೊಂದು ಬಿಸ್ಕತ್ತು ಕೊಟ್ಟೆ.

ಇವತ್ತು ಇನ್ವರ್ಕಾರ್ಗಿಲ್ಲಿನಲ್ಲಿ ತಪಾಸಣೆ.
ಪರಾಟಾ ಎಂಬ ಗಂಭೀರ ಮನುಷ್ಯ
ವೆಲ್ಡಿನ ಒಂದೊಂದು ಗೆರೆಯನ್ನೂ ಬೆರಳಿಂದ ಓದಿದ,
ಸೀಟಿನ ಬೆಲ್ಟನ್ನು ಕರುವಿನ ಹಗ್ಗದಂತೆ ಜಗ್ಗಿದ.
ಫರ್ಗಸ್ ಹೊರಗೆ ಟೊಪ್ಪಿ ತಿರುಚುತ್ತ ನಿಂತಿದ್ದ.
ಹೆರಿಗೆ ಕೋಣೆಯ ಹೊರಗೂ ಹೀಗೆ ನಿಂತವನಲ್ಲ.
ಕೊನೆಗೆ ಅಂಗೈಯಗಲದ ಒಂದು ತಗಡು,
ನಾಲ್ಕು ರಿವೆಟ್ಟು, ಟಕ್ ಟಕ್:
ಬೇರೆಯವರ ಎದೆ ಇಟ್ಟುಕೊಂಡು ಬದುಕಲು
ಸರಕಾರದ ಒಪ್ಪಿಗೆ.

ಕೀಲಿ ನನ್ನ ಕೈಗಿಟ್ಟ.
"ನೀನೇ ಓಡಿಸು. ನಾನು ಕೇಳಿಸಿಕೊಳ್ಳಬೇಕು."

ಅಕ್ಟೋಬರ್. ಬೇಲಿಯಾಚೆ ಹೊಸ ಕುರಿಮರಿ
ಕಾಲು ಎಲ್ಲಿಡುವುದೆಂದು ಇನ್ನೂ ಕಲಿಯುತ್ತಿವೆ.
ಅವನು ಕಡಲು ನೋಡಲಿಲ್ಲ, ಬಿಸಿಲು ನೋಡಲಿಲ್ಲ,
ಡ್ಯಾಶ್‌ಬೋರ್ಡಿಗೆ ಕಿವಿಯಾನಿಸಿ ಕೂತಿದ್ದ
ಪಕ್ಕದ ಮನೆಯ ಜಗಳ ಕೇಳುವವನಂತೆ.
"ಏನೋ ಟಿಣ್ ಟಿಣ್ ಅಂತಿದೆ."
"ನನ್ನ ಉಂಗುರ" ಅಂದೆ, "ಸ್ಟಿಯರಿಂಗಿಗೆ ತಾಗ್ತಿದೆ."

ಮನೆ ಬಂತು. ಇಬ್ಬರೂ ಏನೂ ಅನ್ನಲಿಲ್ಲ, ಮನೆ ಹೋಯಿತು.
ಕೊಲಾಕ್ ಬೇ ತಿರುವಿನಲ್ಲಿ ತಟ್ಟನೆ, "ನಿಲ್ಲಿಸು."
ಇಳಿದು ಬೇಲಿಗೊರಗಿದ.
"ಇದರ ಅಡಿ ಗೊತ್ತು, ಒಳಗು ಗೊತ್ತು.
ಹೋಗುವುದನ್ನು ನೋಡಿಲ್ಲ. ಒಮ್ಮೆ
ನನ್ನ ಮುಂದೆ ಹಾದುಹೋಗು."

ಹಿಂದೆ ಹೋಗಿ ತಿರುಗಿಸಿಕೊಂಡು ಬಂದೆ.
ಮೂರನೇ ಗೇರು. ನಾಲ್ಕು.
ಕೈ ಬೀಸಲಿಲ್ಲ, ಬಾಗಿಲ ಕಂಬದಿಂದ
ಕಿತ್ತಳೆ ಬಣ್ಣದ ಪುಟ್ಟ ಸೂಚಕವನ್ನು ಹೊರಚಾಚಿಸಿದೆ,
ಅಡುಗೆಮನೆ ಮೇಜಿನ ಮೇಲೆ ಅವನು ಬಿಚ್ಚಿ ಜೋಡಿಸಿದ್ದು.
ಕನ್ನಡಿಯಲ್ಲಿ ಅವನು ಬೂಟಿನಿಂದ ಟೊಪ್ಪಿಯವರೆಗೆ
ಇಡಿಯಾಗಿ ಕಂಡ. ಆಮೇಲೆ ಬೆರಳುದ್ದ,
ಆಮೇಲೆ ಬೇಲಿಯ ಇನ್ನೊಂದು ಗೂಟ.

ಅಲ್ಲೇ ತಿರುಗಬೇಕಿತ್ತು.
ಐದನೇ ಗೇರು ಬಿತ್ತು, ಬೆಣ್ಣೆಯಿಂದ ಕೂದಲು ತೆಗೆದಂತೆ,
ಒರೆಪುಕಿಯವರೆಗೆ ಹೋದೆ.
ಅಲ್ಲಿ ನನಗೇನೂ ಕೆಲಸವಿರಲಿಲ್ಲ.
ಗಾಜಿಳಿಸಿ ಕೂಗಿದೆ. ಮಾತಲ್ಲ,
ಬರೀ ಕೂಗು.

ಮರಳಿದಾಗ ಮುಕ್ಕಾಲು ಗಂಟೆ ಕಳೆದಿತ್ತು.
ಬೇಲಿಯ ಮೇಲೆ ಕೂತಿದ್ದ,
ಏಳು ಕುರಿ ಅವನನ್ನೇ ನೋಡುತ್ತಿದ್ದವು.
ಎಲ್ಲಿ ಹೋಗಿದ್ದೆ ಎನ್ನಲಿಲ್ಲ. ಚೆಂದ ಕಂಡಿತು ಎನ್ನಲಿಲ್ಲ.
ಕಣ್ಣೊರೆಸಿಕೊಂಡು "ಗಾಳಿ" ಅಂದ. ಆಮೇಲೆ,
"ಹಿಂದಿನ ಎಡ ದೀಪ ಹತ್ತುತ್ತಿಲ್ಲ."

ಕೋಟಿನ ಜೇಬಿಂದ ಟಾರ್ಚ್ ತೆಗೆದು ಅವನ ಕೈಗಿಟ್ಟೆ,
ಸ್ಕ್ರೂಡ್ರೈವರ್ ನಾನು ತೆಗೆದುಕೊಂಡೆ.
ರಸ್ತೆಯಂಚಿನ ಹುಲ್ಲಿನಲ್ಲಿ, ಒಳ್ಳೆಯ ಮಂಡಿಯೂರಿ,
"ಎಡಕ್ಕೆ" ಅಂದೆ.
"ಅಲ್ಲ. ನನ್ನ ಎಡಕ್ಕೆ."